ಕಣ್ಣಿನ ಇಂಗ್ಲಿಷು, ಕಿವಿಯ ಇಂಗ್ಲಿಷು

ದಾವಣಗೆರೆಗೂ ಹರಿಹರಕ್ಕೂ ನಡುವಿನ ದೂರ ಸುಮಾರು 14 ಕಿಲೋಮೀಟರ್. ಈ ಅವಳಿ ಊರುಗಳಿಗೆ ಕಳೆದ ಶತಮಾನದಲ್ಲಿ ಇಂಗ್ಲಿಷು ಎರಡು ದಾರಿಗಳಿಂದ ಬಂತು. ಒಂದು ಕಾರ್ಖಾನೆಯ ದಾರಿ, ಇನ್ನೊಂದು ಶಾಲೆಯ ದಾರಿ. ಕಾರ್ಖಾನೆಯಲ್ಲಿ ಅದು ಕಿವಿಯಿಂದ ಬಂತು, ಶಾಲೆಯಲ್ಲಿ ಕಣ್ಣಿನಿಂದ. ಹತ್ತಾರು ವರ್ಷ ಇಂಗ್ಲಿಷ್ ಓದಿದವರೂ ಅದನ್ನು ಆಡುವವರ ಎದುರು ಏಕೆ ತಬ್ಬಿಬ್ಬಾಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ವ್ಯತ್ಯಾಸದಲ್ಲೇ ಇದೆ.

1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ತಲೆಯೆತ್ತಿ, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಸುತ್ತಲ ಹಳ್ಳಿಗಳಿಂದ ಬಂದ ಕೆಲಸಗಾರರ ನಾಲಿಗೆಯ ಮೇಲೆ ಲೂಮು, ಬಾಬಿನ್ನು, ಶಿಫ್ಟು, ಲೇತು, ಬೇರಿಂಗು, ಫಿಟ್ಟರು, ಟರ್ನರು ಎಂಬ ಮಾತುಗಳು ನೆಲೆಯೂರಿದವು. ಅವುಗಳ ಸ್ಪೆಲ್ಲಿಂಗ್ ತಿಳಿಯದವರೂ ಅರ್ಥದಲ್ಲಿ ತಪ್ಪುತ್ತಿರಲಿಲ್ಲ. ಪದ ಕಿವಿಗೆ ಬಿದ್ದಾಗ ವಸ್ತು ಕಣ್ಣೆದುರಿಗಿತ್ತು, ಮಾಡಬೇಕಾದ ಕೆಲಸ ಕೈಯಲ್ಲಿತ್ತು. ಅವು ಬಿಡಿ ಪದಗಳೇ ಹೊರತು ಇಡೀ ಭಾಷೆಯಲ್ಲ, ನಿಜ. ಆದರೆ ಅವು ಬಂದ ಕ್ರಮ ಮಗು ತಾಯಿನುಡಿ ಕಲಿಯುವ ಕ್ರಮವೇ.

ಶಾಲೆಯ ಕ್ರಮ ಬೇರೆಯಾಗಿತ್ತು. ಅಲ್ಲಿ ಇಂಗ್ಲಿಷ್ ಎಂದರೆ ಪಠ್ಯಪುಸ್ತಕ, ವ್ಯಾಕರಣ, ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೋತ್ತರ ಬಾಯಿಪಾಠ ಮಾಡುವುದು. ಕಿವಿಗೆ ಕೆಲಸ ಕೊಡುವ ಪಾಠ ಬಹುತೇಕ ಒಂದೇ ಇತ್ತು, ಅದು ಉಕ್ತಲೇಖನ. ಮೇಷ್ಟ್ರು ಒಂದೊಂದೇ ಪದವನ್ನು ಬಿಡಿಸಿ, ಎರಡೆರಡು ಸಲ ಹೇಳುತ್ತಿದ್ದರು, ಹುಡುಗರು ಬರೆದುಕೊಳ್ಳುತ್ತಿದ್ದರು. ಕೆಂಪು ಶಾಯಿಯ ಗುರುತು ಬೀಳುತ್ತಿದ್ದುದು ಮಾತ್ರ ಸ್ಪೆಲ್ಲಿಂಗ್ ತಪ್ಪಿಗೆ. ಹೀಗೆ ಕೇಳಿಸಿಕೊಳ್ಳುವ ಒಂದೇ ಅಭ್ಯಾಸವೂ ಬರವಣಿಗೆಯ ಪರೀಕ್ಷೆಯಾಗಿ ಹೋಯಿತು.

ಇದರ ಫಲ ಕಾಲೇಜಿನಲ್ಲಿ ಕಾಣಿಸಿಕೊಂಡಿತು. ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದವು. ಜವಳಿಯ ಊರು ವಿದ್ಯೆಯ ಊರೂ ಆಯಿತು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹಳ್ಳಿಯ ಹುಡುಗ ಉನ್ನತ ಶಿಕ್ಷಣಕ್ಕೆ ಹೋದಾಗ ಎದುರಿಸುವ ಮೊದಲ ಕಷ್ಟ ಪುಸ್ತಕದ್ದಲ್ಲ, ಉಪನ್ಯಾಸದ್ದು. ಪುಟವನ್ನು ನಿಧಾನವಾಗಿ ಎರಡು ಸಲ ಓದಬಹುದು. ಆಡಿದ ಮಾತು ನಿಲ್ಲುವುದಿಲ್ಲ. ತಿಳಿಯದೆ ಸುಮ್ಮನೆ ಕುಳಿತವನನ್ನು ದಡ್ಡನೆಂದು ಎಣಿಸುವುದೂ ಉಂಟು. ಅವನಿಗೆ ಕೊರತೆಯಿದ್ದುದು ಬುದ್ಧಿಯಲ್ಲಿ ಅಲ್ಲ, ಕಿವಿಯ ರೂಢಿಯಲ್ಲಿ.

ಈ ಕಷ್ಟಕ್ಕೆ ಭಾಷೆಗಳ ಸ್ವಭಾವವೂ ಕಾರಣ. ಕನ್ನಡದಲ್ಲಿ ಬರೆದ ಪ್ರತಿ ಅಕ್ಷರವೂ ಹೆಚ್ಚುಕಡಿಮೆ ತನ್ನ ಪಾಲಿನ ಉಚ್ಚಾರಣೆಯನ್ನು ಪಡೆಯುತ್ತದೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗಕ್ಕೆ ಒತ್ತು ಬಿದ್ದು, ಉಳಿದವು ಸವೆದುಹೋಗುತ್ತವೆ. ‘ಬ್ರೆಡ್ ಆ್ಯಂಡ್ ಬಟರ್’ ಎಂಬುದು ವೇಗದ ಮಾತಿನಲ್ಲಿ ‘ಬ್ರೆಡ್ನ್‌ಬಟರ್’ ಆಗುತ್ತದೆ. ‘ಫೋಟೋಗ್ರಾಫ್’ ಎಂಬಲ್ಲಿ ಮೊದಲ ಭಾಗದ ಮೇಲಿದ್ದ ಒತ್ತು, ‘ಫೊಟಾಗ್ರಫರ್’ ಎಂದಾಗ ಎರಡನೆಯದಕ್ಕೆ ಜಿಗಿಯುತ್ತದೆ. ದ್ರಾಕ್ಷಿಯ ಬಳ್ಳಿಗೂ ದ್ರಾಕ್ಷಾರಸಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿವೆ; ಕನ್ನಡದಲ್ಲಿ ಬರೆದರೆ ಎರಡೂ ‘ವೈನ್’. ಕಣ್ಣಿನಿಂದ ಕಲಿತವನು ಪುಟದಲ್ಲಿ ಕಂಡ ರೂಪವನ್ನೇ ಕಿವಿಯಲ್ಲಿ ಹುಡುಕುತ್ತಾನೆ. ಅದು ಸಿಗುವುದಿಲ್ಲ.

ಬೋಧನೆ ಸುಧಾರಿಸುವ ಯತ್ನಗಳು ನಡೆಯಲಿಲ್ಲವೆಂದಲ್ಲ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದವು. ಆ ಕಾಲದಲ್ಲಿ ಮೇಲುಗೈ ಪಡೆದಿದ್ದುದು ವಾಕ್ಯರಚನೆಗಳನ್ನು ಒಂದೊಂದಾಗಿ ಹೇಳಿಕೊಟ್ಟು, ಮಕ್ಕಳಿಂದ ಮತ್ತೆ ಮತ್ತೆ ಹೇಳಿಸುವ ಪದ್ಧತಿ. ಬಾಯಿ ದುಡಿಯಿತು, ಮನಸ್ಸು ದುಡಿಯಲಿಲ್ಲ.

ಇದನ್ನು ಪ್ರಶ್ನಿಸಿದವರಲ್ಲಿ ಪ್ರಮುಖರು ಎನ್.ಎಸ್. ಪ್ರಭು. ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನಾದ್ಯಂತ ಹೆಸರಾಯಿತು. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮುಂದಿಟ್ಟು ಶಿಕ್ಷಕರು ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುತ್ತ, ತರಗತಿಯೊಡನೆ ಸೇರಿ ಲೆಕ್ಕಾಚಾರ ಮಾಡುವರು. ಬಳಿಕ ಅಂಥದೇ ಇನ್ನೊಂದು ಸಮಸ್ಯೆಯನ್ನು ಮಕ್ಕಳು ತಾವೇ ಬಿಡಿಸಬೇಕು. ಮಾತಾಡೆಂದು ಬಲವಂತವಿರಲಿಲ್ಲ, ಕೇಳಿ ತಿಳಿದು ಕೆಲಸ ಮುಗಿಸಿದರೆ ಸಾಕು. ಗಮನ ಅರ್ಥದ ಮೇಲಿದ್ದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. ಹರಿಹರದ ಲೇತಿನ ಮುಂದೆ ನಿಂತು ಕೆಲಸ ಕಲಿತ ಹುಡುಗನಿಗೆ ಈ ವಾದ ಹೊಸದೆನಿಸುತ್ತಿರಲಿಲ್ಲ.

ರೇಡಿಯೊ ಕೂಡ ಇದೇ ಪಾಠ ಹೇಳುತ್ತಿತ್ತು. ಬಿಬಿಸಿ 1943ರಲ್ಲೇ ರೇಡಿಯೊ ಮೂಲಕ ಇಂಗ್ಲಿಷ್ ಕಲಿಸಲು ಆರಂಭಿಸಿತ್ತು. ನಮ್ಮಲ್ಲಿ ಆ ಕೆಲಸವನ್ನು ಅರಿವಿಲ್ಲದೆ ಮಾಡಿದ್ದು ಕ್ರಿಕೆಟ್ ಕಾಮೆಂಟರಿ. ಟ್ರಾನ್ಸಿಸ್ಟರಿನ ಸುತ್ತ ಸೇರಿದವರಲ್ಲಿ ಇಂಗ್ಲಿಷ್ ಬಾರದವರೂ ಆಟದ ಜಾಡು ಹಿಡಿಯುತ್ತಿದ್ದರು. ಆಟ ಗೊತ್ತಿದ್ದುದರಿಂದ ಮುಂದಿನ ಮಾತನ್ನು ಊಹಿಸಬಲ್ಲವರಾಗಿದ್ದರು. ಕೇಳಿಸಿಕೊಳ್ಳುವುದರಲ್ಲಿ ಕಿವಿಯಷ್ಟೇ ಪಾಲು ಊಹೆಗೂ ಇದೆ. ಪ್ರತಿ ಪದವೂ ತಿಳಿಯಲೇಬೇಕೆಂದು ಹಟ ಹಿಡಿದವನಿಗೆ ಇಡೀ ಮಾತೇ ತಪ್ಪಿಹೋಗುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬಂದಿದೆ. ಕ್ಯಾಸೆಟ್ ಸಿಗದಿದ್ದ ಕಾಲ ಹೋಗಿ, ಬೇಕಾದ ಧ್ವನಿ ಮೊಬೈಲಿನಲ್ಲೇ ಸಿಗುತ್ತದೆ. ಆದರೂ ಲಿಖಿತ ಪರೀಕ್ಷೆ ಕಿವಿಯನ್ನು ಅಳೆಯಲಾರದು. ಪರೀಕ್ಷೆಯಲ್ಲಿ ಬಾರದ್ದಕ್ಕೆ ತರಗತಿಯಲ್ಲಿ ವೇಳೆ ಸಿಗುವುದೂ ಕಷ್ಟ. ಕಲಿಯುವವರು ತಾವೇ ಮಾಡಬಹುದಾದದ್ದು ಇಷ್ಟು: ಗೊತ್ತಿರುವ ವಿಷಯದ ಎರಡು ಮೂರು ನಿಮಿಷದ ಮಾತನ್ನು ಆರಿಸಿಕೊಳ್ಳಬೇಕು. ಮೊದಲು ಬರಹ ನೋಡದೆ ಕೇಳಿ, ಸಾರಾಂಶವನ್ನು ಕನ್ನಡದಲ್ಲಾದರೂ ಹೇಳಿಕೊಳ್ಳಬೇಕು. ಎರಡನೆಯ ಸಲ ಬರಹದೊಡನೆ ಹೋಲಿಸಿ, ಎಲ್ಲಿ ತಪ್ಪಿತೆಂದು ನೋಡಬೇಕು. ಮೂರನೆಯ ಸಲ ಬರಹ ಮುಚ್ಚಿ ಮತ್ತೆ ಕೇಳಬೇಕು. ದಿನಕ್ಕೆ ಹತ್ತು ನಿಮಿಷವಾದರೂ ಸರಿ, ತಪ್ಪದೆ ನಡೆಯಬೇಕು.

ಹೆಚ್ಚು ಕೇಳಿದವನನ್ನು ‘ಬಹುಶ್ರುತ’ನೆಂದು ಗೌರವಿಸಿದ ನಾಡು ನಮ್ಮದು. ಪುರಾಣ ಪ್ರವಚನಗಳನ್ನು ಕೇಳಿಯೇ ಅಕ್ಷರ ಬಾರದವರೂ ತಿಳಿದವರಾದರು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಆಲಿಸು ಎಂದೂ ಅರ್ಥ, ಪ್ರಶ್ನಿಸು ಎಂದೂ ಅರ್ಥ. ತರಗತಿಯಲ್ಲಿ ಮೊದಲನೆಯ ಅರ್ಥ ಕೈಗೂಡಿದ ದಿನ, ಹಿಂದಿನ ಬೆಂಚಿನ ಹುಡುಗನಿಗೆ ಎರಡನೆಯದಕ್ಕೂ ಧೈರ್ಯ ಬಂದೀತು.