ಬಸಿರು, ಬಾಣಂತನ ಮತ್ತು ಸ್ತನ: ಯಾವ ಬದಲಾವಣೆ ಸಹಜ, ಯಾವುದನ್ನು ತೋರಿಸಬೇಕು?

ಗೋಕುಳ ಶಿರಗಾಂವ: ಮನೆಯ ಆಕಳು ಈದರೆ ಗಿಣ್ಣದ ಹಾಲಿಗಾಗಿ ನೆರೆಮನೆಯವರೂ ಪಾತ್ರೆ ಹಿಡಿದು ಬರುತ್ತಾರೆ. ಮರಾಠಿಯಲ್ಲಿ ಅದೇ ಚೀಕ, ಅದರಿಂದ ಮಾಡಿದ ಖರವಸಕ್ಕೆ ಎಲ್ಲರೂ ಕೈ ಚಾಚುವವರೇ. 1963ರಲ್ಲಿ ಸ್ಥಾಪನೆಯಾದ ಜಿಲ್ಲಾ ಹಾಲು ಸಂಘದ 'ಗೋಕುಳ' ಡೇರಿ ಇರುವ ಊರಿದು. ಹಾಲಿನ ವಿಷಯ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೆತ್ತ ತಾಯಿಯ ಎದೆಯಲ್ಲಿ ಬರುವ ಅದೇ ಹಳದಿ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲುವವರು ಗಡಿಯ ಎರಡೂ ಬದಿಗೆ ಇದ್ದಾರೆ! ಕೆಚ್ಚಲಿನ ಬಗ್ಗೆ ಮುಕ್ತವಾಗಿ ಮಾತಾಡುವ ನಾವು ಹೆಣ್ಣಿನ ಮೊಲೆಯ ವಿಷಯ ಬಂದರೆ ಕನ್ನಡದಲ್ಲೂ ಬಾಯಿ ಮುಚ್ಚುತ್ತೇವೆ, ಮರಾಠಿಯಲ್ಲೂ ಮುಚ್ಚುತ್ತೇವೆ. ಮೊದಲ ಬಸಿರಿನ ಹುಡುಗಿ ಯಾರನ್ನು ಕೇಳಬೇಕು?

ಬಸಿರಿನಲ್ಲಿ ಏನಾಗುತ್ತದೆ

ಮುಟ್ಟು ನಿಂತ ಕೆಲವೇ ದಿನಗಳಲ್ಲಿ ಸ್ತನಗಳು ಭಾರವೆನಿಸಿ, ಮುಟ್ಟಿದರೆ ನೋಯುತ್ತವೆ. ಎಷ್ಟೋ ಹೆಂಗಸರಿಗೆ ಬಸಿರಿನ ಮೊದಲ ಸುಳಿವೇ ಇದು. ಈಸ್ಟ್ರೋಜನ್ ಹಾರ್ಮೋನು ಹಾಲು ಹರಿಯುವ ನಾಳಗಳನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಹಾಲು ತಯಾರಾಗುವ ಗ್ರಂಥಿಗಳನ್ನು ಬೆಳೆಸುತ್ತದೆ. ರಕ್ತದ ಹರಿವು ಹೆಚ್ಚುವುದರಿಂದ ಚರ್ಮದ ಕೆಳಗೆ ನೀಲಿ ನರಗಳು ಎದ್ದು ಕಾಣುತ್ತವೆ. ತೊಟ್ಟು ಮತ್ತು ಅದರ ಸುತ್ತಲಿನ ವರ್ತುಲ ಕಪ್ಪಾಗಿ ಅಗಲವಾಗುತ್ತವೆ.

ಆ ವರ್ತುಲದ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಅವುಗಳಿಗೆ ಮಾಂಟ್ಗೋಮರಿ ಗ್ರಂಥಿ ಎಂದು ಹೆಸರು. ತೊಟ್ಟು ಒಣಗದಂತೆ ಅಲ್ಲಿ ಎಣ್ಣೆಯಂಥ ಪಸೆ ಒಸರುತ್ತದೆ. ಕೊಳೆಯೆಂದು ಭಾವಿಸಿ ಸಾಬೂನು ಹಚ್ಚಿ ತಿಕ್ಕುವುದು, ಗುಳ್ಳೆಯೆಂದು ಚಿವುಟುವುದು ಎರಡೂ ತಪ್ಪು. ಬರೀ ನೀರು ಸಾಕು. ನಾಲ್ಕು ತಿಂಗಳು ಕಳೆದ ಮೇಲೆ ಒಂದೆರಡು ಹನಿ ಹಳದಿ ದ್ರವ ಒಸರಿದರೂ ಗಾಬರಿ ಬೇಡ, ಅದು ಗಿಣ್ಣವೇ. ಒಸರದಿದ್ದರೆ ಮುಂದೆ ಹಾಲು ಬರುವುದಿಲ್ಲ ಎಂದೂ ಅರ್ಥವಲ್ಲ. ಸ್ತನದ ಗಾತ್ರಕ್ಕೂ ಹಾಲಿನ ಪ್ರಮಾಣಕ್ಕೂ ಸಂಬಂಧವಿಲ್ಲ, ಗಾತ್ರ ಹೆಚ್ಚಾಗಿ ಕೊಬ್ಬಿನದು. ಅತ್ತೆಯಂದಿರು ಇದನ್ನು ಗಮನಿಸಬೇಕು.

ಹೆರಿಗೆಯ ನಂತರ

ಕಸ ಬಿದ್ದ ಕೂಡಲೇ ಪ್ರೊಜೆಸ್ಟರಾನ್ ಮಟ್ಟ ಕುಸಿಯುತ್ತದೆ, ಹಾಲು ತುಂಬಲು ಅದೇ ಸೂಚನೆ. ಮೊದಲ ಎರಡು ಮೂರು ದಿನ ಬರುವುದು ಚಮಚದಷ್ಟು ಗಿಣ್ಣ ಮಾತ್ರ. ಹುಟ್ಟಿದ ಕೂಸಿನ ಹೊಟ್ಟೆಗೆ ಅಷ್ಟೇ ಬೇಕು, ರೋಗ ತಡೆಯುವ ಅಂಶಗಳು ಅದರಲ್ಲಿ ದಟ್ಟವಾಗಿರುತ್ತವೆ. ಆದ್ದರಿಂದಲೇ ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, 6 ತಿಂಗಳು ಬರೀ ಎದೆಹಾಲು, ನಂತರ ಮೇಲಿನ ಆಹಾರದ ಜತೆಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೇನು, ಸಕ್ಕರೆ ನೀರು ಬೇಡ.

ಹಾಲು ಇಳಿಯುವ ಬಗೆ ದನ ಕಟ್ಟಿದವರಿಗೆ ಗೊತ್ತಿರುವುದೇ. ಹೊಸಬರು ಹಿಂಡಲು ಕೂತರೆ ಎಮ್ಮೆ ತೊರೆ ಬಿಡುವುದಿಲ್ಲ. ಕರು ಬಿಟ್ಟು ನಾಲ್ಕು ಗುದ್ದು ಕೊಟ್ಟರೆ ಧಾರೆ ಇಳಿಯುತ್ತದೆ. ಮರಾಠಿಯಲ್ಲಿ ಇದಕ್ಕೆ ಪಾನ್ಹಾ ಫುಟಣೆ ಎನ್ನುತ್ತಾರೆ. ಇದು ಆಕ್ಸಿಟೋಸಿನ್ ಹಾರ್ಮೋನಿನ ಕೆಲಸ. (ಎಮ್ಮೆಗೆ ಸೂಜಿ ಚುಚ್ಚಿ ಹಾಲು ಇಳಿಸುವ ಕೆಟ್ಟ ಪದ್ಧತಿಯಲ್ಲಿ ಬಳಸುವುದೂ ಇದನ್ನೇ.) ತಾಯಿಗೆ ಕೂಸಿನ ಅಳು ಕೇಳಿದರೇ ಕುಬಸ ಒದ್ದೆಯಾಗುವುದು ಇದರಿಂದ. ನೋವು, ಭಯ, 'ನಿನಗೆ ಹಾಲೇ ಇಲ್ಲ' ಎಂಬ ಚುಚ್ಚುಮಾತು ಇದನ್ನು ತಡೆಯುತ್ತವೆ. ಅಳವಿ ಉಂಡಿ, ಸಬ್ಬಸಗಿ ಪಲ್ಯ ತವರಿನಿಂದ ಬರಲಿ, ಬಾಣಂತಿಗೆ ಒಳ್ಳೆಯ ಊಟವೇ ಅದು. ಆದರೆ ಹಾಲು ಹೆಚ್ಚಿಸುವ ನಿಜವಾದ ದಾರಿ ಕೂಸು ಮೇಲಿಂದ ಮೇಲೆ ಚೀಪುವುದು. ಸ್ತನ ಖಾಲಿಯಾದಷ್ಟೂ ತುಂಬುತ್ತದೆ.

ತೊಟ್ಟು ಸೀಳುವುದು, ಗಂಟು ಕಟ್ಟುವುದು

ಮೂರನೆಯ ದಿನದ ಸುಮಾರಿಗೆ ಸ್ತನ ಬಿಗಿದು ಕಲ್ಲಾಗುವುದುಂಟು. ಕೆಲವರಿಗೆ ಕಂಕುಳಲ್ಲೂ ಊತ ಬರುತ್ತದೆ, ಅಲ್ಲಿಯವರೆಗೂ ಹರಡಿದ ಸ್ತನದ ಅಂಶ ತುಂಬಿಕೊಂಡದ್ದು ಅದು. ಬಿಸಿನೀರಿನ ಬಟ್ಟೆ ಇಟ್ಟು, ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ ಕೂಸಿಗೆ ಕೊಡಬೇಕು. ಕುಡಿಸಿದ ಮೇಲೆ ತಣ್ಣೀರ ಬಟ್ಟೆ. ತೊಟ್ಟು ಸೀಳಿದರೆ ಕೂಸು ಹಿಡಿಯುವ ರೀತಿಯನ್ನು ನೋಡಿ. ಬಾಯಲ್ಲಿ ಬರೀ ತೊಟ್ಟಲ್ಲ, ಕಪ್ಪು ವರ್ತುಲದ ಹೆಚ್ಚಿನ ಭಾಗ ಇರಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಕೂಡಿಸಿ ತೋರಿಸುತ್ತಾರೆ.

ಒಂದು ಕಡೆ ಕೆಂಪಾಗಿ, ಸಿಡಿದು, ಚಳಿಜ್ವರ ಬಂದರೆ ಅದು ಸ್ತನದ ಉರಿಯೂತ. ದೃಷ್ಟಿ ತೆಗೆಯುತ್ತ ಕೂರದೆ ಡಾಕ್ಟರ ಬಳಿ ಹೋಗಬೇಕು. ಹಾಲು ಕುಡಿಸುವುದನ್ನು ನಿಲ್ಲಿಸಬಾರದು, ಅದರಿಂದ ಕೂಸಿಗೆ ಅಪಾಯವಿಲ್ಲ. ನಿಲ್ಲಿಸಿದರೆ ಹಾಲು ಕಟ್ಟಿ ಕೀವಾಗುವ ಸಂಭವ ಹೆಚ್ಚು.

ಎಂಐಡಿಸಿ ಕೆಲಸಕ್ಕೆ ಮರಳುವ ತಾಯಂದಿರಿಗೆ ಈ ಕಷ್ಟ ಬೇಗ ಬರುತ್ತದೆ. ಪಾಳಿಯುದ್ದಕ್ಕೂ ಹಾಲು ಕಟ್ಟಿದರೆ ಮೊದಲು ನೋವು, ಆಮೇಲೆ ಹಾಲೇ ಕಡಿಮೆ. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಕೂಸಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಹಾಲೂಡಿಸುವ ಬಿಡುವು 1961ರ ಕಾಯಿದೆಯಲ್ಲೇ ಇತ್ತು. ಇವೆರಡೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿವೆ. ಬಿಡುವಿನಲ್ಲಿ ಕೈಯಿಂದ ಹಿಂಡಿದ ಹಾಲು ಫ್ರಿಜ್ಜಿನಲ್ಲಿ 4 ದಿನ, ಹೊರಗೆ ತಂಪಿನಲ್ಲಿ 4 ಗಂಟೆ ಬಾಳುತ್ತದೆ. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ನಂಬಬೇಡಿ.

ಹಾಲೂಡಿಸಿದರೆ ಜೋಲುತ್ತದೆಯೇ?

ಓದಿದ ಹುಡುಗಿಯರೂ ಕೇಳುವ ಪ್ರಶ್ನೆ ಇದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ಲಾಸ್ಟಿಕ್ ಸರ್ಜನ್ ಬ್ರಯಾನ್ ರಿಂಕರ್ ಮತ್ತು ಸಂಗಡಿಗರು 93 ತಾಯಂದಿರನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜೋಲುವಿಕೆಗೆ ಕಾರಣ ವಯಸ್ಸು, ಮೈತೂಕ, ಬಸಿರುಗಳ ಸಂಖ್ಯೆ, ಮೊದಲಿನ ಗಾತ್ರ ಮತ್ತು ಧೂಮಪಾನ. ಹಾಲೂಡಿಸುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಸ್ತನ ಹಿಗ್ಗುವುದು ಬಸಿರಿನಲ್ಲೇ. ಕುಡಿಸದೆ ಡಬ್ಬಿ ಹಾಲು ಕೊಟ್ಟರೂ ಆಕಾರ ಮೊದಲಿನಂತೆ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಹಾಲು ಬಿಡಿಸಿದ ಮೇಲೆ ಗ್ರಂಥಿಗಳು ಕುಗ್ಗಿ ಸ್ತನ ಸಡಿಲವಾದಂತೆ ಕಾಣುತ್ತದೆ, ತಿಂಗಳುಗಳು ಕಳೆದಂತೆ ಕೊಬ್ಬು ಒಂದಿಷ್ಟು ಮರಳುತ್ತದೆ. ಒಂದು ಸ್ತನ ತುಸು ದೊಡ್ಡದಾಗಿ ಉಳಿದರೂ ಅದು ರೋಗವಲ್ಲ. ಬೇವು ಹಚ್ಚಿ ಒಂದೇ ದಿನಕ್ಕೆ ಬಿಡಿಸುವುದರಿಂದ ಹಾಲು ಕಟ್ಟುತ್ತದೆ, ಒಂದೊಂದೇ ಹೊತ್ತು ಕಡಿಮೆ ಮಾಡುತ್ತ ಬಿಡಿಸುವುದು ಲೇಸು.

ಹಾಲೂಡಿಸುವುದರಿಂದ ಸ್ತನ ಕ್ಯಾನ್ಸರಿನ ಸಂಭವ ತಗ್ಗುತ್ತದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ ಪ್ರತಿ 12 ತಿಂಗಳ ಹಾಲೂಡಿಕೆಗೆ ಶೇ. 4.3ರಷ್ಟು ಇಳಿಕೆ. ಹಾಗೆಂದು ಬಾಣಂತಿಗೆ ಕ್ಯಾನ್ಸರ್ ಬರುವುದೇ ಇಲ್ಲ ಎಂದಲ್ಲ. ಅಪರೂಪವಾಗಿ ಬರುತ್ತದೆ, ಬಂದಾಗ 'ಹಾಲುಗಂಟು' ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುವುದೇ ದೊಡ್ಡ ಅಪಾಯ. ಹಾಲುಗಂಟು ಕುಡಿಸಿದರೆ, ಹಿಂಡಿದರೆ ಕರಗುತ್ತದೆ. ಎರಡು ವಾರ ಕಳೆದರೂ ಕರಗದ ಗಟ್ಟಿ ಗಂಟು, ಕಿತ್ತಳೆ ಸಿಪ್ಪೆಯಂತೆ ಕುಳಿಬಿದ್ದ ಚರ್ಮ, ಹೊಸದಾಗಿ ಒಳಗೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಔಷಧಿಗೂ ಇಳಿಯದ ಕೆಂಪು ಇವುಗಳಲ್ಲಿ ಒಂದಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲವೇ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಯಲ್ಲಿ ತೋರಿಸಬೇಕು. ಹಾಲೂಡಿಸುತ್ತಿರುವಾಗಲೂ ಸ್ತನದ ಸೋನೋಗ್ರಫಿ ಮಾಡಬಹುದು, ಅದಕ್ಕಾಗಿ ಕೂಸಿಗೆ ಹಾಲು ಬಿಡಿಸಬೇಕಾಗಿಲ್ಲ. ಕೂಸಿಗೆ ಕುಡಿಸಿ ಸ್ತನ ಮೆತ್ತಗಾದ ಮೇಲೆ ಹೋದರೆ ಪರೀಕ್ಷೆ ಸುಲಭ.