ಶಾಲಾ ಗಣಕ ಪ್ರಯೋಗಾಲಯಗಳಲ್ಲಿ ತಂತ್ರಾಂಶ ವಿತರಣೆ: ಅಪ್ಲಿಕೇಶನ್ ವರ್ಚುವಲೈಸೇಶನ್ ವಿಧಾನ

ಸಾರ್ವಜನಿಕ ಮಾಹಿತಿ

ಒಂದು ತಂತ್ರಾಂಶವನ್ನು ಗಣಕಯಂತ್ರದಲ್ಲಿ ಸಾಮಾನ್ಯ ಕ್ರಮದಂತೆ ಸ್ಥಾಪಿಸದೆ, ಅದಕ್ಕೆ ಬೇಕಾದ ಎಲ್ಲ ಕಡತಗಳನ್ನೂ ವ್ಯವಸ್ಥಾ ವಿವರಗಳನ್ನೂ ಒಂದೇ ಪೊಟ್ಟಣವಾಗಿ ಕಟ್ಟಿ, ಆ ಪೊಟ್ಟಣದೊಳಗಿನಿಂದಲೇ ಅದು ಕಾರ್ಯನಿರ್ವಹಿಸುವಂತೆ ಮಾಡುವ ವಿಧಾನವನ್ನು ಅಪ್ಲಿಕೇಶನ್ ವರ್ಚುವಲೈಸೇಶನ್ ಎಂದು ಕರೆಯಲಾಗುತ್ತದೆ. ಪೊಟ್ಟಣವನ್ನು ಒಮ್ಮೆ ಸಿದ್ಧಪಡಿಸಿದರೆ ಸಾಕು. ಪ್ರಯೋಗಾಲಯದ ಪ್ರತಿಯೊಂದು ಯಂತ್ರದ ಮುಂದೆಯೂ ಕುಳಿತು ಸ್ಥಾಪನೆಯ ಕ್ರಮವನ್ನು ಮೊದಲಿನಿಂದ ಅನುಸರಿಸಬೇಕಾಗಿಲ್ಲ. ಮುಖ್ಯೋಪಾಧ್ಯಾಯರು, ಗಣಕ ಶಿಕ್ಷಕರು ಹಾಗೂ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರ ತಿಳಿವಳಿಕೆಗಾಗಿ ಈ ವಿಧಾನದ ಉಪಯೋಗವನ್ನೂ ಮಿತಿಗಳನ್ನೂ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ರಾಜ್ಯದ ಸರ್ಕಾರಿ ಶಾಲೆಗಳಿಗೆ ಗಣಕಯಂತ್ರಗಳು ಒಂದೇ ಬಾರಿಗೆ ಬಂದವುಗಳಲ್ಲ. 2000ರ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆ, 2004ರ ಡಿಸೆಂಬರ್‌ನಲ್ಲಿ ಆರಂಭಗೊಂಡ ಕೇಂದ್ರ ಪುರಸ್ಕೃತ ಐ.ಸಿ.ಟಿ. ಯೋಜನೆ, ಅನಂತರದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ, ಇವುಗಳಲ್ಲದೆ ದಾನಿಗಳ ಕೊಡುಗೆ, ಹೀಗೆ ಬೇರೆ ಬೇರೆ ಮಾರ್ಗಗಳಿಂದ ಬೇರೆ ಬೇರೆ ವರ್ಷಗಳಲ್ಲಿ ಅವು ಸೇರ್ಪಡೆಯಾಗಿವೆ. ಆದುದರಿಂದ ಒಂದೇ ಕೊಠಡಿಯಲ್ಲಿ ವಿಂಡೋಸ್ 7 ಇರುವ ಯಂತ್ರವೂ ವಿಂಡೋಸ್ 10 ಇರುವ ಯಂತ್ರವೂ ಉಬುಂಟು ಇರುವ ಲ್ಯಾಪ್‌ಟಾಪ್ ಸಹ ಅಕ್ಕಪಕ್ಕದಲ್ಲಿ ಇರುವುದು ಅಸಹಜವೇನಲ್ಲ. ಒಂದು ಯಂತ್ರದ ಸಂಪೂರ್ಣ ಪ್ರತಿಯನ್ನು ತೆಗೆದು ಉಳಿದವುಗಳಿಗೆ ನಕಲಿಸುವ ಪದ್ಧತಿಯು ಯಂತ್ರಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದಲ್ಲಿ ಮಾತ್ರ ಸುಗಮವಾಗಿ ನಡೆಯುತ್ತದೆ.

ಮೈಸೂರು ನಗರದ ದಕ್ಷಿಣ ಭಾಗದಲ್ಲಿರುವ ವಿದ್ಯಾರಣ್ಯಪುರಂ ಬಡಾವಣೆಯಲ್ಲಿ ಹತ್ತು ಗಣಕಯಂತ್ರಗಳಿರುವ ಒಂದು ಪ್ರೌಢಶಾಲೆಯನ್ನು ಉದಾಹರಣೆಗಾಗಿ ಭಾವಿಸಿಕೊಳ್ಳೋಣ. ತರಗತಿಯಲ್ಲಿ 40 ವಿದ್ಯಾರ್ಥಿಗಳಿದ್ದರೆ ಯಂತ್ರವೊಂದಕ್ಕೆ ನಾಲ್ವರು. ರೇಖಾಗಣಿತದ ಪಾಠಕ್ಕೆ ಜಿಯೋಜಿಬ್ರಾ ತೆರೆಯಬೇಕಾದ ದಿನ ಮೂರು ಯಂತ್ರಗಳಲ್ಲಿ ಅದು ತೆರೆಯದಿದ್ದರೆ ಹನ್ನೆರಡು ಮಕ್ಕಳು ಉಳಿದ ಏಳು ಯಂತ್ರಗಳ ಹಿಂದೆ ನಿಲ್ಲಬೇಕಾಗುತ್ತದೆ. ಹಿಂದೆ ನಿಂತವರಿಗೆ ಮೌಸ್ ಸಿಗುವುದಿಲ್ಲವೆಂಬುದು ಗಣಕ ತರಗತಿ ನಡೆಸಿದ ಎಲ್ಲರಿಗೂ ತಿಳಿದ ಸಂಗತಿ. ವಾರಕ್ಕೆ ಒಂದು ಅವಧಿ ಮಾತ್ರ ದೊರೆಯುವ ಶಾಲೆಯಲ್ಲಿ, ತಂತ್ರಾಂಶ ಸರಿಪಡಿಸುವುದರಲ್ಲಿ ಕಳೆದ ಅವಧಿಯು ಮಕ್ಕಳಿಗೆ ಮರಳಿ ದೊರೆಯುವುದಿಲ್ಲ.

ಕಾರ್ಯವಿಧಾನ

ಸಾಮಾನ್ಯ ಸ್ಥಾಪನೆಯ ಸಮಯದಲ್ಲಿ ತಂತ್ರಾಂಶವು ತನ್ನ ಕಡತಗಳನ್ನು ಹಾರ್ಡ್‌ಡಿಸ್ಕ್‌ನ ಹಲವು ಸ್ಥಳಗಳಲ್ಲಿ ಇರಿಸುತ್ತದೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ನಮೂದುಗಳನ್ನು ಮಾಡುತ್ತದೆ. ಕೆಲವೊಮ್ಮೆ ಇತರ ತಂತ್ರಾಂಶಗಳೂ ಬಳಸುವ ಕಡತಗಳನ್ನೇ ಬದಲಿಸಿಬಿಡುತ್ತದೆ. ಒಂದಕ್ಕೆ ಜಾವಾದ ಹಳೆಯ ಆವೃತ್ತಿ, ಮತ್ತೊಂದಕ್ಕೆ ಹೊಸ ಆವೃತ್ತಿ ಬೇಕಾದಾಗ ಇವೆರಡರಲ್ಲಿ ಒಂದು ನಿಂತುಹೋಗುವುದಕ್ಕೆ ಕಾರಣ ಇದೇ.

ವರ್ಚುವಲೈಸೇಶನ್ ವಿಧಾನದಲ್ಲಿ, ಬೇರಾವ ತಂತ್ರಾಂಶವೂ ಇಲ್ಲದ ಶುದ್ಧವಾದ ಒಂದು ಗಣಕಯಂತ್ರದಲ್ಲಿ ಸ್ಥಾಪನೆಯನ್ನು ಒಮ್ಮೆ ನಡೆಸಲಾಗುತ್ತದೆ. ಆಗ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಸೀಕ್ವೆನ್ಸರ್ ಎಂಬ ಸಾಧನವು ದಾಖಲಿಸಿಕೊಂಡು ಪೊಟ್ಟಣಕ್ಕೆ ಸೇರಿಸುತ್ತದೆ. ವಿದ್ಯಾರ್ಥಿಯ ಯಂತ್ರದಲ್ಲಿರುವ ಒಂದು ಚಿಕ್ಕ ಕ್ಲೈಂಟ್ ತಂತ್ರಾಂಶವು ಆ ಪೊಟ್ಟಣವನ್ನು ತೆರೆದು, ತಾನು ಯಥಾವತ್ತಾಗಿ ಸ್ಥಾಪಿತವಾಗಿದ್ದೇನೆಂದು ಅದರೊಳಗಿನ ತಂತ್ರಾಂಶವು ಭಾವಿಸುವಂತಹ ಆವರಣವೊಂದನ್ನು ಸೃಷ್ಟಿಸುತ್ತದೆ. ತಂತ್ರಾಂಶವು ತನ್ನ ಕಡತಗಳಲ್ಲಿ ಮಾಡುವ ಬದಲಾವಣೆಗಳು ಈ ಆವರಣದೊಳಗೆ ಉಳಿಯುತ್ತವೆ. ಪೊಟ್ಟಣವನ್ನು ತೆಗೆದುಹಾಕಿದರೆ ಯಂತ್ರವು ಬಹುತೇಕ ಮೊದಲಿನ ಸ್ಥಿತಿಗೆ ಬರುತ್ತದೆ.

ಇದನ್ನು ಥಿನ್ ಕ್ಲೈಂಟ್ ವ್ಯವಸ್ಥೆಯೊಂದಿಗೆ ಹೋಲಿಸಿ ಗೊಂದಲಕ್ಕೀಡಾಗಬಾರದು. ಥಿನ್ ಕ್ಲೈಂಟ್‌ನಲ್ಲಿ ತಂತ್ರಾಂಶವು ಸರ್ವರ್‌ನಲ್ಲಿ ನಡೆಯುತ್ತದೆ, ಮಕ್ಕಳ ಮುಂದಿರುವುದು ಅದರ ಪರದೆ ಮಾತ್ರ. ಸರ್ವರ್ ನಿಂತರೆ ತರಗತಿಯೇ ನಿಲ್ಲುತ್ತದೆ. ಅಪ್ಲಿಕೇಶನ್ ವರ್ಚುವಲೈಸೇಶನ್‌ನಲ್ಲಿ ತಂತ್ರಾಂಶವು ಮಕ್ಕಳ ಯಂತ್ರದಲ್ಲಿಯೇ ನಡೆಯುತ್ತದೆ. ಪೊಟ್ಟಣವನ್ನು ಒಮ್ಮೆ ಪೂರ್ಣವಾಗಿ ಇಳಿಸಿಕೊಂಡಿದ್ದರೆ ಸರ್ವರ್ ಇಲ್ಲದಿದ್ದರೂ ಪಾಠ ಮುಂದುವರಿಯುತ್ತದೆ. ವಿದ್ಯುತ್ ಅಡಚಣೆಯಿರುವ ಶಾಲೆಗಳಿಗೆ ಈ ವ್ಯತ್ಯಾಸವು ಮಹತ್ವದ್ದು.

ಕಾಲಾವಧಿಯ ಲೆಕ್ಕವೂ ಗಮನಾರ್ಹ. ಒಂದು ಯಂತ್ರದಲ್ಲಿ ಸ್ಥಾಪನೆಗೆ 25 ನಿಮಿಷ ತಗುಲುವುದಾದರೆ ಹತ್ತು ಯಂತ್ರಗಳಿಗೆ ನಾಲ್ಕು ಗಂಟೆಗೂ ಹೆಚ್ಚು. ಅದೇ ತಂತ್ರಾಂಶದ 300 ಮೆಗಾಬೈಟ್ ಪೊಟ್ಟಣವನ್ನು 100 ಮೆಗಾಬಿಟ್ ವೇಗದ ಆಂತರಿಕ ಜಾಲದ ಮೂಲಕ ಹತ್ತೂ ಯಂತ್ರಗಳಿಗೆ ಕಳುಹಿಸಲು ಸೈದ್ಧಾಂತಿಕವಾಗಿ ನಾಲ್ಕು ನಿಮಿಷ ಸಾಕು. ವಾಸ್ತವದಲ್ಲಿ ಎರಡರಷ್ಟು ಎಂದಿಟ್ಟುಕೊಂಡರೂ ಲಾಭ ಸ್ಪಷ್ಟ.

ವಿಂಡೋಸ್ ಯಂತ್ರಗಳಲ್ಲಿ

ಈ ಕ್ಷೇತ್ರದ ಹೆಸರಾಂತ ಸಾಧನವು ಆಪ್-ವಿ. ಸಾಫ್ಟ್‌ರಿಸಿಟಿ ಸಂಸ್ಥೆಯ ಸಾಫ್ಟ್‌ಗ್ರಿಡ್ ಎಂಬ ಉತ್ಪನ್ನವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2006ರಲ್ಲಿ ತನ್ನದಾಗಿಸಿಕೊಂಡು, ಮುಂದೆ ಈ ಹೆಸರಿನಿಂದ ನೀಡಿತು. ವಿಂಡೋಸ್ 10ರ 1607ನೆಯ ಆವೃತ್ತಿಯಿಂದ ಇದರ ಕ್ಲೈಂಟ್ ವಿಂಡೋಸ್‌ನೊಳಗೇ ಸೇರಿದೆ. ಆದರೆ ಎಂಟರ್‌ಪ್ರೈಸ್ ಹಾಗೂ ಎಜುಕೇಶನ್ ಶ್ರೇಣಿಗಳಲ್ಲಿ ಮಾತ್ರ. ಹೋಮ್ ಮತ್ತು ಪ್ರೊ ಶ್ರೇಣಿಗಳಲ್ಲಿ ಇಲ್ಲ. ಶಾಲೆಯು ಮೊದಲು ಪರಿಶೀಲಿಸಬೇಕಾದುದು ಇದನ್ನೇ. ಪೊಟ್ಟಣಗಳನ್ನೆಲ್ಲ ಸಿದ್ಧಪಡಿಸಿದ ಮೇಲೆ ಯಂತ್ರಗಳು ಪ್ರೊ ಶ್ರೇಣಿಯವೆಂದು ತಿಳಿದುಬಂದರೆ ಶ್ರಮವೆಲ್ಲ ವ್ಯರ್ಥ.

ಆಪ್-ವಿ ಸರ್ವರ್ ಘಟಕಗಳ ಬೆಂಬಲಕ್ಕೆ 2026ರ ಏಪ್ರಿಲ್ ತಿಂಗಳನ್ನು ಕೊನೆಯ ಗಡುವಾಗಿ ನಿಗದಿಪಡಿಸಲಾಗಿರುವುದರಿಂದ, ಶಾಲೆಗಳು ಹೊಸದಾಗಿ ಇಂತಹ ಸರ್ವರ್ ಸ್ಥಾಪಿಸಲು ವೆಚ್ಚ ಮಾಡುವುದು ಉಚಿತವಲ್ಲ. ಸರ್ವರ್ ಇಲ್ಲದೆಯೂ ಪೊಟ್ಟಣವನ್ನು ಪೆನ್‌ಡ್ರೈವ್ ಅಥವಾ ಹಂಚಿಕೆಯ ಫೋಲ್ಡರ್‌ನಿಂದ ನೇರವಾಗಿ ಯಂತ್ರಕ್ಕೆ ಸೇರಿಸಬಹುದು. ಹತ್ತಿಪ್ಪತ್ತು ಯಂತ್ರಗಳ ಪ್ರಯೋಗಾಲಯಕ್ಕೆ ಅಷ್ಟು ಸಾಕು. ಪ್ರೊ ಶ್ರೇಣಿಯ ಯಂತ್ರಗಳಿರುವಲ್ಲಿ 2018ರಲ್ಲಿ ಬಂದ ಎಂ.ಎಸ್.ಐ.ಎಕ್ಸ್. ಎಂಬ ಪೊಟ್ಟಣ ವಿಧಾನವನ್ನು ಪರಿಗಣಿಸಬಹುದು. ಅದರಲ್ಲಿ ಪ್ರತಿ ಪೊಟ್ಟಣಕ್ಕೂ ಡಿಜಿಟಲ್ ಸಹಿ ಕಡ್ಡಾಯ.

ಉಬುಂಟು ಯಂತ್ರಗಳಲ್ಲಿ

ಇಲ್ಲಿ ಇದೇ ಉದ್ದೇಶವನ್ನು ಆಪ್‌ಇಮೇಜ್, ಸ್ನ್ಯಾಪ್ ಮತ್ತು ಫ್ಲ್ಯಾಟ್‌ಪ್ಯಾಕ್ ಎಂಬ ಮೂರು ವಿಧಾನಗಳು ಪೂರೈಸುತ್ತವೆ. ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಶಾಲೆಗೆ ಆಪ್‌ಇಮೇಜ್ ಎಲ್ಲಕ್ಕಿಂತ ಸರಳ: ತಂತ್ರಾಂಶವೆಲ್ಲ ಒಂದೇ ಕಡತದಲ್ಲಿರುತ್ತದೆ, ಅದನ್ನು ನಕಲಿಸಿ, ಕಾರ್ಯಗತಗೊಳಿಸುವ ಅನುಮತಿ ನೀಡಿದರೆ ಮುಗಿಯಿತು. ಆದರೆ ಉಬುಂಟು 22.04 ಮತ್ತು ಅನಂತರದ ಆವೃತ್ತಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಬೇಕಾಗುವ ಲಿಬ್‌ಫ್ಯೂಸ್ 2 ಎಂಬ ಘಟಕವು ತಾನಾಗಿ ಇರುವುದಿಲ್ಲ, ಪ್ರತ್ಯೇಕವಾಗಿ ಹಾಕಬೇಕು. ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೂ ಏನೂ ಆಗುತ್ತಿಲ್ಲವೆಂಬ ತೊಂದರೆಗೆ ಇದೊಂದು ಸಾಮಾನ್ಯ ಕಾರಣ.

ಸ್ನ್ಯಾಪ್ ವಿಧಾನವು ಹೊಸ ಆವೃತ್ತಿ ಬಂದಿದೆಯೇ ಎಂದು ದಿನಕ್ಕೆ ನಾಲ್ಕು ಬಾರಿ ತಾನಾಗಿಯೇ ಪರಿಶೀಲಿಸಿ ಇಳಿಸಿಕೊಳ್ಳುತ್ತದೆ. ಮೊಬೈಲ್ ಡೇಟಾವನ್ನು ಹಂಚಿಕೊಂಡು ನಡೆಸುವ ಪ್ರಯೋಗಾಲಯದಲ್ಲಿ ಹತ್ತು ಯಂತ್ರಗಳು ಹೀಗೆ ಮಾಡಿದರೆ ದಿನದ ಡೇಟಾ ಪಾಠ ಆರಂಭವಾಗುವ ಮೊದಲೇ ತೀರಿಹೋಗಬಹುದು. ಈ ನವೀಕರಣವನ್ನು ತಡೆಹಿಡಿಯಲು ಅವಕಾಶವಿದ್ದು, ಶಾಲಾ ಅವಧಿಯ ಹೊರಗೆ ನಡೆಯುವಂತೆ ಸಮಯ ನಿಗದಿಪಡಿಸುವುದು ಒಳಿತು.

ಪೊಟ್ಟಣದಲ್ಲಿ ಸೇರಿಸಲಾಗದವು

ಮುದ್ರಕ, ಪ್ರೊಜೆಕ್ಟರ್ ಮುಂತಾದವುಗಳ ಡ್ರೈವರ್‌ಗಳನ್ನೂ ವೈರಸ್ ನಿರೋಧಕ ತಂತ್ರಾಂಶವನ್ನೂ ಪೊಟ್ಟಣವಾಗಿಸಲು ಬರುವುದಿಲ್ಲ. 64 ಬಿಟ್ ಯಂತ್ರಕ್ಕೆಂದು ಸಿದ್ಧಪಡಿಸಿದ ಪೊಟ್ಟಣವು ಹಳೆಯ 32 ಬಿಟ್ ಯಂತ್ರದಲ್ಲಿ ನಡೆಯುವುದಿಲ್ಲ.

ನಮ್ಮ ಶಾಲೆಗಳಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಕನ್ನಡ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಕೀಲಿಮಣೆಯು ಇತರ ತಂತ್ರಾಂಶಗಳೊಳಗೂ ಅಕ್ಷರ ಮೂಡಿಸಬೇಕಾದ ಸ್ವರೂಪದ್ದು. ಪೊಟ್ಟಣದ ಉದ್ದೇಶವಾದರೋ ಒಂದನ್ನು ಇನ್ನೊಂದರಿಂದ ಪ್ರತ್ಯೇಕವಾಗಿ ಇಡುವುದು. ಇವೆರಡೂ ಪರಸ್ಪರ ವಿರುದ್ಧ. ಆದುದರಿಂದ ನುಡಿಯನ್ನೂ ಅದರ ಅಕ್ಷರವಿನ್ಯಾಸಗಳನ್ನೂ ಪ್ರತಿ ಯಂತ್ರದಲ್ಲಿಯೂ ನೇರವಾಗಿ ಸ್ಥಾಪಿಸುವುದೇ ಸರಿಯಾದ ಕ್ರಮ. ಉಬುಂಟುವಿನಲ್ಲಿ ಐ-ಬಸ್ ಮೂಲಕ ಕನ್ನಡ ಕೀಲಿಮಣೆಯನ್ನು ಸಿದ್ಧಗೊಳಿಸಿ, ಯೂನಿಕೋಡ್ ಅಕ್ಷರವಿನ್ಯಾಸಗಳು ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಪೊಟ್ಟಣವನ್ನು ಎಲ್ಲ ಯಂತ್ರಗಳಿಗೆ ಕಳುಹಿಸುವ ಮುನ್ನ, ಅದರೊಳಗಿನ ತಂತ್ರಾಂಶದಲ್ಲಿ ‘ಜ್ಞಾನ’, ‘ಶ್ರೀರಂಗಪಟ್ಟಣ’, ‘ಅರ್ಕಾವತಿ’ ಎಂಬಂತಹ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಟೈಪ್ ಮಾಡಿ ನೋಡುವುದು ಅವಶ್ಯ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸಿ ವಿತರಿಸಿದ ಪೊಟ್ಟಣವು ಕನ್ನಡ ಮಾಧ್ಯಮದ ತರಗತಿಯಲ್ಲಿ ಕೈಕೊಡುವ ಸಂಭವವಿರುತ್ತದೆ.

ಪೊಟ್ಟಣ ಕಟ್ಟಿದ ಮಾತ್ರಕ್ಕೆ ಪರವಾನಗಿಯ ಸಂಖ್ಯೆ ಹೆಚ್ಚುವುದಿಲ್ಲ. ಐದು ಯಂತ್ರಗಳಿಗೆ ಖರೀದಿಸಿದ ತಂತ್ರಾಂಶವನ್ನು ಹತ್ತು ಯಂತ್ರಗಳಿಗೆ ಕಳುಹಿಸುವುದು ನಿಯಮಬಾಹಿರ.

ಹಳೆಯ ಕಲಿಕಾ ಸಾಮಗ್ರಿಗಳ ವಿಚಾರದಲ್ಲಿಯೂ ಎಚ್ಚರಿಕೆ ಅಗತ್ಯ. ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ರಂದೂ ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಹಳೆಯ ಪಾಠಗಳಿರುವ ಸಿ.ಡಿ.ಗಳನ್ನು ಪೊಟ್ಟಣವಾಗಿಸಿ ಉಳಿಸಿಕೊಳ್ಳಬಹುದಾದರೂ, ಪೊಟ್ಟಣವು ಭದ್ರತಾ ಕವಚವಲ್ಲ. ಅಂತಹ ಪೊಟ್ಟಣಗಳನ್ನು ಅಂತರಜಾಲ ಸಂಪರ್ಕವಿಲ್ಲದ ಯಂತ್ರದಲ್ಲಿ ಮಾತ್ರ ಬಳಸತಕ್ಕದ್ದು.

ಎಲ್ಲ ಶಾಲೆಗಳಿಗೂ ಇದು ಬೇಕೇ?

ಬೇಕಿಲ್ಲ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲೇ ಸೇರಿಸಿದ ಉಬುಂಟು ಆಧಾರಿತ ಒಂದೇ ಕಾರ್ಯಾಚರಣಾ ವ್ಯವಸ್ಥೆಯನ್ನು ಅದು ಶಾಲೆಗಳಿಗೆ ನೀಡುತ್ತಿದ್ದು, ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಗೆ ಒಳಪಟ್ಟಿವೆ. ಎಲ್ಲವೂ ಮುಕ್ತ ತಂತ್ರಾಂಶವಾಗಿರುವುದರಿಂದ ನಕಲಿಸಲು ಪರವಾನಗಿಯ ತೊಡಕಿಲ್ಲ. ಯಂತ್ರಗಳೆಲ್ಲ ಉಬುಂಟುವಿನವೇ ಆಗಿದ್ದು, ಬೇಸಿಗೆ ರಜೆಯಲ್ಲಿ ಒಮ್ಮೆ ಮರುಸ್ಥಾಪಿಸಲು ಸಾಧ್ಯವಿರುವ ಶಾಲೆಗೆ ಈ ಮಾರ್ಗವೇ ಹೆಚ್ಚು ಸುಲಭ. ಯಂತ್ರಗಳು ಬಗೆಬಗೆಯವಾಗಿದ್ದು, ವರ್ಷದ ನಡುವೆ ತಂತ್ರಾಂಶ ಬದಲಿಸಬೇಕಾಗಿ ಬರುವಲ್ಲಿ ಪೊಟ್ಟಣ ವಿಧಾನವು ಪ್ರಯೋಜನಕಾರಿ.

ಪೊಟ್ಟಣ ವಿಧಾನವನ್ನು ಅನುಸರಿಸುವ ಶಾಲೆಗಳು ಮೊದಲಿಗೆ ಒಂದೇ ತಂತ್ರಾಂಶವನ್ನು ಆಯ್ದು, ಪ್ರಯೋಗಾಲಯದ ಅತ್ಯಂತ ಹಳೆಯ ಯಂತ್ರದಲ್ಲಿ ಪರೀಕ್ಷಿಸತಕ್ಕದ್ದು. ಪೊಟ್ಟಣದ ಹೆಸರು, ಆವೃತ್ತಿ, ಸಿದ್ಧಪಡಿಸಿದ ದಿನಾಂಕ ಹಾಗೂ ಪರವಾನಗಿಯ ವಿವರಗಳನ್ನು ಪ್ರಯೋಗಾಲಯದ ದಾಸ್ತಾನು ವಹಿಯಲ್ಲಿ ನಮೂದಿಸಿ, ಮೂಲ ಪೊಟ್ಟಣದ ಒಂದು ಪ್ರತಿಯನ್ನು ಪ್ರಯೋಗಾಲಯದ ಹೊರಗೆ, ಮುಖ್ಯೋಪಾಧ್ಯಾಯರ ವಶದಲ್ಲಿ ಇರಿಸತಕ್ಕದ್ದು. ಗಣಕ ಶಿಕ್ಷಕರು ವರ್ಗಾವಣೆಗೊಂಡಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಈ ಪ್ರತಿಯನ್ನೂ ಸೇರಿಸತಕ್ಕದ್ದು.