ಮಾರ್ಕಿಯಾನೊಪೊಲಿಸಿನ ಒಂದು ಕಂಚಿನ ಕಾಸು

ಹಳೆಯ ನಾಣ್ಯವೆಂದರೆ ಚಿನ್ನದ್ದೇ ಇರಬೇಕೆಂದು ನಮ್ಮಲ್ಲಿ ಅನೇಕರ ಎಣಿಕೆ. ತಮ್ಮ ಕೂಡಿಟ್ಟ ನಾಣ್ಯಗಳಿಗೆ ಪಟ್ಟಿ ಬರೆದುಕೊಡುವಾಗ ನನ್ನನ್ನು ಎರಡು ಸಂಜೆ ಕಟ್ಟಿ ಕೂರಿಸಿದ್ದು ಮಾತ್ರ ಒಂದು ಕಂಚಿನ ಬಿಲ್ಲೆ. ತೂಕ 12 ಗ್ರಾಂ, ಅಡ್ಡಳತೆ 27 ಮಿಲಿಮೀಟರ್. ರೋಮಿನ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯವರೆಗೂ ಬಂದಿತ್ತು. ಇದು ಹಾಗೆ ದೇಶ ಸುತ್ತುವ ನಾಣ್ಯವಲ್ಲ. ಸಾಮ್ರಾಜ್ಯದ ಪೂರ್ವದ ಊರುಗಳು ತಮ್ಮ ಸಂತೆಯ ಚಿಲ್ಲರೆಗೆಂದು ತಾವೇ ಅಚ್ಚು ಹಾಕಿಕೊಂಡದ್ದು. ಮೇಲಿನ ಬರಹವೂ ಲ್ಯಾಟಿನ್ ಅಲ್ಲ, ಗ್ರೀಕ್.

ಹಿಂಬದಿಯಲ್ಲಿ 'ಮಾರ್ಕಿಯಾನೊಪೊಲಿಸಿನವರದು' ಎಂದಿದೆ. ಇಂದಿನ ಬಲ್ಗೇರಿಯದ ದೆವ್ನ್ಯ. ಟ್ರಾಜನ್ ಚಕ್ರವರ್ತಿ ತನ್ನ ಅಕ್ಕ ಮಾರ್ಕಿಯಾನಳ ಹೆಸರಿಟ್ಟ ಊರು. ಮಡದಿಯದಲ್ಲ, ಅಕ್ಕನದು! ಪಕ್ಕದಲ್ಲಿ ಗ್ರೀಕಿನ ಐದನೆಯ ಅಂಕಿಯನ್ನು ಸೂಚಿಸುವ ಅಕ್ಷರ ಒಂಟಿಯಾಗಿ ನಿಂತಿದೆ. ಬೆಲೆ ಐದು ಅಸ್ಸಾರಿ ಎಂದರ್ಥ.

ಮುಂಬದಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಎದುರುಬದುರು. ಗಂಡಸಿನ ಹೆಸರು ಆಂಟೊನಿನಸ್. ತೊಡಕು ಇಲ್ಲೇ. ಆ ಹೆಸರು ಹೊತ್ತ ಚಕ್ರವರ್ತಿಗಳು ಹಲವರು; ಕಾರಾಕಲ್ಲ ಎಂಬುದು ಅಡ್ಡಹೆಸರು, ನಾಣ್ಯದ ಮೇಲೆ ಬರುವುದೇ ಇಲ್ಲ. ಅವನ ಅನಂತರದ ಎಲಗಬಾಲಸನೂ ಇದೇ ಊರಿನ ನಾಣ್ಯಗಳಲ್ಲಿ ಇದೇ ಹೆಸರಿನಿಂದ, ತನ್ನ ಅಜ್ಜಿ ಮೇಸಳ ಎದುರಿಗೆ ಕಾಣಿಸುತ್ತಾನೆ. ಗಂಡಸು ಯಾರೆಂದು ತಿಳಿಯಲು ಹೆಂಗಸಿನ ಹೆಸರನ್ನೇ ಓದಬೇಕಾಯಿತು. ಕಿಲುಬಿನ ಅಡಿಯಲ್ಲಿ ಕೊನೆಗೂ 'ಡೊಮ್ನ' ಕಂಡಿತು. ಹಿಂಬದಿಯಲ್ಲಿ ಪ್ರಾಂತಾಧಿಕಾರಿ ಕ್ವಿಂಟಿಲಿಯಾನಸನ ಹೆಸರು. ಅಂದರೆ ಇವನು ಕಾರಾಕಲ್ಲ. ಕಾಲ ಸುಮಾರು ಕ್ರಿ.ಶ. 215ರಿಂದ 217.

ಜೂಲಿಯ ಡೊಮ್ನ ಸಿರಿಯದ ಎಮೆಸದಲ್ಲಿ ಸೂರ್ಯದೇವರ ಪೂಜಾರಿಯ ಮಗಳು, ಕಾರಾಕಲ್ಲನ ತಾಯಿ. ಗಂಡ ಸೆವೆರಸ್ 211ರಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಯಲ್ಲಿ ಕಾರಾಕಲ್ಲ, ರಾಜಿಯ ನೆಪ ಹೂಡಿ ತಮ್ಮ ಗೇಟನನ್ನು ತಾಯಿಯ ಕೋಣೆಗೆ ಕರೆಸಿ, ಅವಳ ತೋಳಿನಲ್ಲಿದ್ದಂತೆಯೇ ಕೊಲ್ಲಿಸಿದ. ಅವಳ ಕೈಗೂ ಗಾಯವಾಯಿತು, ಅಳುವುದಕ್ಕೂ ಬಿಡಲಿಲ್ಲ ಎಂದು ಆ ಕಾಲದವನೇ ಆದ ಇತಿಹಾಸಕಾರ ಡಿಯೊ ಬರೆದಿದ್ದಾನೆ. ಗೇಟನ ಹೆಸರನ್ನು ಶಾಸನಗಳಿಂದ ಕೆತ್ತಿ ತೆಗೆದರು. ಸ್ಟ್ರಾಟೊನಿಕೇಯ ಊರಿನ ಕಂಚಿನ ನಾಣ್ಯಗಳಲ್ಲಿ ಅವನ ಮುಖವನ್ನೇ ಕೆರೆದಿದ್ದಾರೆ. ಆಮೇಲೂ ತಾಯಿ ಆ ಮಗನ ಪತ್ರವ್ಯವಹಾರ ನೋಡಿಕೊಂಡಿದ್ದಳು. 217ರಲ್ಲಿ ಅವನೂ ಕೊಲೆಯಾದ. ಅದೇ ವರ್ಷ ಅವಳೂ ಹೋದಳು.

ಇವೆರಡು ಸಾವುಗಳ ನಡುವಿನದು ಈ ಕಾಸು. ಪಟ್ಟಿಯಲ್ಲಿ ಇದಕ್ಕೆಲ್ಲ ಅಂಕಣವಿಲ್ಲ. ಬರೆದದ್ದು ಇಷ್ಟು: ಮುಂಬದಿ, ಕಾರಾಕಲ್ಲ ಮತ್ತು ಡೊಮ್ನ, ಎದುರುಬದುರು. ಹಿಂಬದಿ, ಸಾಮರಸ್ಯದ ದೇವತೆ ಹೊಮೊನಿಯ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಹಣ್ಣು ತುಂಬಿದ ಕೊಂಬು. ಸ್ಥಿತಿ, ಮುಖಗಳು ಸವೆದಿವೆ. ಹೆಂಗಸಿನ ಅಲೆಅಲೆ ಕೂದಲು, ಹಿಂದಿನ ತುರುಬು ಸ್ಪಷ್ಟ.